ನೂರೈವತ್ತು ಹೆಜ್ಜೆಯ ಬಂದೂಕು

ಮನೆಗೆ ಬಣ್ಣ ಹೊಡೆಸುವುದೆಂದರೆ ಗೋಡೆಯ ಕೆಲಸ ಎಂದು ತಿಳಿದವರು ಇನ್ನೂ ಮನೆಗೆ ಬಣ್ಣ ಹೊಡೆಸಿಲ್ಲ ಎಂದೇ ಅರ್ಥ. ಅದು ಅಟ್ಟದ ಕೆಲಸ. ಮೊನ್ನೆ ಧಾರವಾಡದ ನಮ್ಮ ಮನೆಗೆ ಬಂದ ಬಣ್ಣದ ಮೇಸ್ತ್ರಿ, ಅಟ್ಟದ ಮೇಲಿನ ಸಾಮಾನನ್ನೆಲ್ಲ ಇಳಿಸಿ ಪಡಸಾಲೆಯಲ್ಲಿ ಗುಡ್ಡೆ ಹಾಕಿದ. ಕೆಟ್ಟ ಮಿಕ್ಸರು, ಹಿಡಿಕೆ ಇಲ್ಲದ ಕೊಡ, ಯಾರದೋ ಮದುವೆಯಲ್ಲಿ ಬಂದು ಇನ್ನೂ ಬಿಚ್ಚದ ಗೋಡೆ ಗಡಿಯಾರ. ಅವುಗಳ ನಡುವೆ ಒಂದು ಉದ್ದನೆಯ ಕಾಗದದ ಸುರುಳಿ ಇತ್ತು. ಮನೆಯ ನಕ್ಷೆ ಇರಬೇಕೆಂದು ಆತ ಅದನ್ನು ಬಿಚ್ಚಿದ. ಒಮ್ಮೆ ಕಾಗದ ನೋಡಿದ, ಒಮ್ಮೆ ನನ್ನನ್ನು ನೋಡಿದ.

"ಅಮ್ಮಾರ, ಇದೇನ್ರಿ?"

"ಬಂದೂಕು," ಅಂದೆ.

"ಅದು ಕಾಣಾಕತ್ತೈತ್ರಿ. ನಿಮ್ಮ ಮನ್ಯಾಗ ಯಾಕ ಅಂತ ಕೇಳಿದೆ."

ಏನು ಹೇಳಲಿ? ನನಗೆ ಅರವತ್ಮೂರು ವರ್ಷ. ಮೊಣಕಾಲು ನೋವು. ಜಿರಲೆ ಕಂಡರೆ ಇವತ್ತಿಗೂ ಕುರ್ಚಿ ಹತ್ತುತ್ತೇನೆ, ಆಗ ಮಾತ್ರ ಮೊಣಕಾಲು ನೋಯುವುದಿಲ್ಲ. ಅಂಥ ಹೆಂಗಸಿನ ಅಟ್ಟದ ಮೇಲೆ ದೂರದ ಬೇಟೆಯ ಬಂದೂಕಿನ ನಕ್ಷೆ, ಅದೂ ಮುಂದಿನಿಂದ, ಪಕ್ಕದಿಂದ, ಮೇಲಿನಿಂದ ಮೂರು ನೋಟಗಳಲ್ಲಿ, ಇಂಚಿಂಚಿನ ಅಳತೆ ಸಮೇತ. ಆತ ಅದನ್ನು ಹುಷಾರಾಗಿ ಸುತ್ತಿ ಮೂಲೆಗೆ ಒರಗಿಸಿಟ್ಟ. ಅವತ್ತು ಸಂಜೆಯ ತನಕ ಅವನ ಜೊತೆಯವರೆಲ್ಲ ನನಗೆ ಎರಡೆರಡು ಸಲ ರೀ ಹಚ್ಚಿ ಮಾತಾಡಿದರು.

ಆ ನಕ್ಷೆ ತೆಗೆದವಳು ನಾನೇ. ಮೂವತ್ತೆರಡು ವರ್ಷ ನೀರಾವರಿ ಕಚೇರಿಯೊಂದರಲ್ಲಿ ನಕ್ಷೆ ತೆಗೆಯುವ ಕೆಲಸ ಮಾಡಿದವಳು ನಾನು. ನೂರಾರು ಕಾಲುವೆ ಎಳೆದಿದ್ದೇನೆ, ಅವುಗಳಲ್ಲಿ ಕೆಲವಕ್ಕೆ ಮುಂದೆ ನೀರೂ ಬಂತು. ನನ್ನ ಗೆರೆ ಕೂದಲೆಳೆಯಷ್ಟು ಸಣ್ಣ, ಅಕ್ಷರ ಅಚ್ಚು ಹಾಕಿದಂತೆ ಎಂದು ಸಾಹೇಬರು ಹೊಗಳುತ್ತಿದ್ದರು. ಹೊಗಳಿ ಇನ್ನೂ ನಾಲ್ಕು ಹಾಳೆ ಕೊಡುತ್ತಿದ್ದರು. ನಿವೃತ್ತಿಯ ದಿನ ಇನ್ನು ಜನ್ಮದಲ್ಲಿ ಪಟ್ಟಿ, ಪೆನ್ಸಿಲ್ಲು ಮುಟ್ಟುವುದಿಲ್ಲ ಎಂದು ಮನೆಗೆ ಬಂದೆ. ಮುಟ್ಟಿಸಿದವನು ನಮ್ಮ ಮಾಮಾ.

ಮಾಮಾ ಎಂದರೆ ನನ್ನ ತಾಯಿಯ ತಮ್ಮ, ಫಕೀರಪ್ಪ. ಈಗ ಎಂಬತ್ತೈದು. ಹೈಸ್ಕೂಲಿನಲ್ಲಿ ಡ್ರಿಲ್ ಮಾಸ್ತರ ಆಗಿದ್ದ. ಊರವರಿಗೆಲ್ಲ ಆತ ಫಕೀರಪ್ಪ ಮಾಸ್ತರು, ನಮ್ಮ ಮನೆಯಲ್ಲಿ ಮಾತ್ರ ಸಣ್ಣ ಮಕ್ಕಳು ಕೂಡ ಅವನಿಗೆ ಬಹುವಚನ ಹಚ್ಚಿದ್ದಿಲ್ಲ. ಹಚ್ಚಿದರೆ ಅವನೇ ಕೇಳುತ್ತಿದ್ದ, "ಯಾಕ, ನಾ ಏನ ತಪ್ಪ ಮಾಡೇನಿ?" ಅಂತ. ನೌಕರಿ ಮುಗಿದ ಮೇಲೆ ಹುಬ್ಬಳ್ಳಿಯ ಗೋಪನಕೊಪ್ಪದಲ್ಲಿ ಮಗ, ಸೊಸೆಯ ಜೊತೆ ಇದ್ದಾನೆ. ಕಣ್ಣಿನ ಒತ್ತಡದ ಬೇನೆ ಬಂದು ಏಳೆಂಟು ವರ್ಷದಲ್ಲಿ ಎರಡೂ ಕಣ್ಣು ಮಂದವಾದವು. ಈಗ ಬೆಳಕು ಯಾವುದು, ಕತ್ತಲೆ ಯಾವುದು ಎಂಬುದಷ್ಟೇ ತಿಳಿಯುತ್ತದೆ. ಆದರೂ ಬೆನ್ನು ಇನ್ನೂ ನೆಟ್ಟಗೆ, ಕುಳಿತರೂ ಪರೇಡಿಗೆ ಕುಳಿತವರ ಹಾಗೆ ಕುಳಿತಿರುತ್ತಾನೆ.

ಹೆಬ್ಬಳ್ಳಿಯಲ್ಲಿ ಅಜ್ಜನ ಕಾಲದ ಹೊಲ ಇತ್ತು. ಹೊಲ ಕಾಯಲು ಲೈಸೆನ್ಸಿನ ಒಂದು ಹಳೆಯ ಒಂಟಿ ನಳಿಗೆಯ ಬಂದೂಕೂ ಇತ್ತು. ಲೈಸೆನ್ಸ್ ಇದ್ದವರ ಪಾಡು ನಿಮಗೆ ಗೊತ್ತಿರಲಿಕ್ಕಿಲ್ಲ. ಚುನಾವಣೆ ಬಂತೆಂದರೆ ಬಂದೂಕನ್ನು ಪೊಲೀಸ್ ಠಾಣೆಗೆ ಒಯ್ದು ಕೊಟ್ಟು ಬರಬೇಕು, ಎಲ್ಲ ಮುಗಿದ ಮೇಲೆ ಬಿಡಿಸಿಕೊಂಡು ಬರಬೇಕು. ನಮ್ಮಲ್ಲಿ ಚುನಾವಣೆಗೇನು ಬರವೇ? ಒಂದು ಮುಗಿಯಿತು ಎನ್ನುವುದರೊಳಗೆ ಇನ್ನೊಂದು ಬಂದೇ ಬರುತ್ತದೆ. ಯಾರಾದರೂ ಬಂದೂಕು ಎಲ್ಲಿ ಎಂದು ಕೇಳಿದರೆ ಮಾಮಾ, "ತವರ ಮನಿಗೆ ಹೋಗೇತಿ" ಅನ್ನುತ್ತಿದ್ದ. ಕಳೆದ ಸಲ ಠಾಣೆಗೆ ಕೊಟ್ಟವನು ತರಲೇ ಇಲ್ಲ. ಕಣ್ಣಿಲ್ಲದವನ ಹತ್ತಿರ ಬಂದೂಕು ಇರುವುದು ಶೋಭಿಸುವುದಿಲ್ಲ ಎಂದು ತಾನೇ ಅರ್ಜಿ ಬರೆಸಿ ಬಂದೂಕನ್ನೂ ಲೈಸೆನ್ಸನ್ನೂ ಬಿಟ್ಟುಕೊಟ್ಟ.

ಅದಾಗಿ ಒಂದು ತಿಂಗಳಿಗೆ ನನಗೆ ಫೋನು ಬಂತು.

"ಸುಮಿ, ನಿನಗ ನಕ್ಷಿ ತೆಗಿಯಾಕ ಬರತೈತಿ ಹೌದಿಲ್ಲೊ?"

"ಹೊಟ್ಟಿಪಾಡಿಗೆ ಮತ್ತೇನ ಮಾಡೇನಿ ಮಾಮಾ?"

"ಕಾಲವಿ ನಕ್ಷಿ ಅಲ್ಲ. ಬಂದೂಕಿಂದು. ಹೊಸಾದ್ದು, ನನ್ನ ಅಳತಿಗೆ ಮಾಡಿಸಿದ್ದು. ದೂರ ಹೊಡಿಯೂವಂಥಾದ್ದು."

ಇದ್ದ ಬಂದೂಕನ್ನು ಸರಕಾರಕ್ಕೆ ಕೊಟ್ಟವನಿಗೆ ಹೊಸದು ಯಾಕೆ, ಅದನ್ನು ಮಾಡುವವರು ಯಾರು, ಮಾಡಿದರೂ ಹೊಡೆಯುವುದು ಏನನ್ನು? ಬೇಟೆ ಕಾಯ್ದೆಯ ಪ್ರಕಾರ ಅಪರಾಧವಾಗಿ ಒಂದು ತಲೆಮಾರಿನ ಮೇಲಾಯಿತು. ಇದನ್ನೆಲ್ಲ ಕೇಳಿದೆ. ಮಾಮಾ ಸಿಟ್ಟಾಗಲಿಲ್ಲ. "ಮಾಡಿಸೂದು ಬಿಡೂದು ಆಮ್ಯಾಗಿನ ಮಾತು. ಮೊದಲ ಕಾಗದದ ಮ್ಯಾಲ ಸರಿ ಬರಲಿ," ಅಂದ. ವಯಸ್ಸಾದವರ ಹಟ, ನಾಲ್ಕು ಭಾನುವಾರಕ್ಕೆ ಮುಗಿಯುತ್ತದೆ ಎಂದುಕೊಂಡೆ. ಎರಡು ವರ್ಷ ನಡೆಯಿತು.

ಭಾನುವಾರ ಬೆಳಿಗ್ಗೆ ತಿಂಡಿ ಮುಗಿಸಿ, ಸುರುಳಿಯನ್ನು ಬಗಲಿಗಿಟ್ಟುಕೊಂಡು ಹುಬ್ಬಳ್ಳಿ ಬಸ್ಸು ಹತ್ತುತ್ತಿದ್ದೆ. ಈ ಎರಡು ಊರಿನ ನಡುವೆ ಓಡುವ ತಂಪು ಬಸ್ಸಿಗೆ ಚಿಗರಿ, ಅಂದರೆ ಜಿಂಕೆ, ಎಂಬ ಹೆಸರಿದೆಯಲ್ಲ, ಅದರಲ್ಲೇ. ಚಿಗರಿಯ ಹೊಟ್ಟೆಯಲ್ಲಿ ಕುಳಿತು ಬೇಟೆಯ ಬಂದೂಕಿನ ನಕ್ಷೆ ಒಯ್ಯುವ ಮುದುಕಿ ಎಂದು ನನ್ನನ್ನು ನಾನೇ ಹಾಸ್ಯ ಮಾಡಿಕೊಳ್ಳುತ್ತಿದ್ದೆ. ಚಿಗರಿ ಎಂಬ ಮಾತು ನನಗೆ ಯಾವತ್ತೂ ಹಗುರಾದ ಮಾತಲ್ಲ, ಅದನ್ನು ಮುಂದೆ ಹೇಳುತ್ತೇನೆ.

ಗೋಪನಕೊಪ್ಪದ ಮನೆಯಲ್ಲಿ ನನಗಾಗಿ ಊಟದ ಮೇಜು ಖಾಲಿ ಇರುತ್ತಿತ್ತು. ಸೊಸೆ ಸರೋಜಾ ನಾಲ್ಕು ಮೂಲೆಗೆ ನಾಲ್ಕು ಉಪ್ಪಿನಕಾಯಿ ಬಾಟಲಿ ಇಟ್ಟು ಕಾಗದ ಹಾರದಂತೆ ಮಾಡುತ್ತಿದ್ದಳು. ಮಾಮಾ ಹೇಳುತ್ತಿದ್ದ, ನಾನು ಎಳೆಯುತ್ತಿದ್ದೆ. ಎಳೆದದ್ದನ್ನು ಅವನ ಬೆರಳು ಹಿಡಿದು ಕಾಗದದ ಮೇಲೆ ನಡೆಸಿ ತೋರಿಸುತ್ತಿದ್ದೆ. ಪೆನ್ಸಿಲ್ಲು ಗಟ್ಟಿಯಾಗಿ ಒತ್ತಿ ಎಳೆದರೆ ಗೆರೆಯ ತಗ್ಗು ಅವನ ಬೆರಳಿಗೆ ಸಿಗುತ್ತಿತ್ತು. ಕೂದಲೆಳೆಯಂಥ ಗೆರೆ ಎಳೆದು ಹೆಸರು ಮಾಡಿದವಳು ಕಡೆಗಾಲದಲ್ಲಿ ಉಳುಮೆ ಮಾಡಿದ ಹಾಗೆ ಗೆರೆ ಎಳೆಯುವುದನ್ನು ಕಲಿತೆ.

ಮೊದಲು ನಳಿಗೆ. "ದಪ್ಪ ಇರಬೇಕು. ತೆಳ್ಳಂದು ಎರಡು ಗುಂಡು ಹಾರಸೂದರಾಗ ಕಾಯತೈತಿ. ಕಾಯ್ದ ಮ್ಯಾಲ ತನ್ನ ಮನಸಿಗೆ ಬಂದ ಕಡೆ ಒಗಿತೈತಿ," ಅಂದ. ದಪ್ಪ ಮಾಡಿದರೆ ಭಾರ ಆಗುತ್ತದಲ್ಲ ಎಂದೆ. ಆಗಲಿ ಅಂದ. ಆಮೇಲೆ ಭುಜಕ್ಕೆ ಆನಿಸುವ ಕಟ್ಟಿಗೆ. ಅದು ಅಕ್ರೋಟು ಗಿಡದ್ದೇ ಆಗಬೇಕೋ, ನಮ್ಮ ಕಡೆಯ ಬೀಟೆ ಸಾಕೋ ಎಂಬುದಕ್ಕೆ ಮೂರು ಭಾನುವಾರ ಹೋದವು. ತಂಬೂರಿಗೆ ಹಲಸಿನ ಕಟ್ಟಿಗೆ ಬಳಸುತ್ತಾರೆ, ಹಲಸು ಹಾಕೋಣ ಎಂದು ನನ್ನ ಬುದ್ಧಿವಂತಿಕೆಯನ್ನೂ ತೋರಿಸಿದೆ. ಮಾಮಾ ನಗಲಿಲ್ಲ. "ಅದು ಸಪ್ಪಳ ಉಳಿಸಿಕೊಳ್ಳೂ ಕಟ್ಟಿಗಿ. ನಮಗ ಸಪ್ಪಳ ಆದ ಮ್ಯಾಲ ಸುಮ್ಮನಾಗೂದು ಬೇಕು," ಅಂದ. ಗುಂಡು ಹಾರಿಸಲು ಎಳೆಯುವ ಕುದುರೆ ಎಷ್ಟು ಹಗುರಿರಬೇಕೆಂದರೆ, ಎಳೆದದ್ದು ಎಳೆದ ಬೆರಳಿಗೇ ಗೊತ್ತಾಗಬಾರದು. ಇನ್ನು ದುರ್ಬೀನು. ನಳಿಗೆಯ ಮೇಲೆ ಎಂಥ ದುರ್ಬೀನು ಕೂಡಿಸಬೇಕೆಂದು, ನನ್ನ ಮುಖ ಕಾಣದ ಮಾಮಾ ಒಂದು ತಿಂಗಳು ವಾದ ಮಾಡಿದ. ಸರೋಜಾ ಮೊಬೈಲಿನಲ್ಲಿ ಹುಡುಕಿ ಒಂದೊಂದನ್ನೇ ಓದಿ ಹೇಳುತ್ತಿದ್ದಳು. ಒಮ್ಮೆ ಅಡುಗೆಮನೆಯಲ್ಲಿ ನನ್ನನ್ನು ನಿಲ್ಲಿಸಿ ಮೆಲ್ಲಗೆ ಅಂದಳು, "ಅಕ್ಕಾರ, ನನ್ನ ಮೊಬೈಲ್ ತುಂಬ ಬರೇ ಬಂದೂಕು ಬರಾಕತ್ತಾವ್ರಿ. ಯಾರರ ನೋಡಿದ್ರ ನಮ್ಮನ್ನ ಹಿಡಕೊಂಡು ಹೋಗ್ತಾರ."

ನಕ್ಷೆಗೆ ಒಂದು ಲೆಕ್ಕ ಬೇಕಾಗಿತ್ತು. ಎಷ್ಟು ದೂರಕ್ಕೆ? ಅದು ಗೊತ್ತಿಲ್ಲದೆ ದುರ್ಬೀನು ಕೂಡಿಸುವುದು ಹೇಗೆ? ಕೇಳಿದೆ.

"ನೂರೈವತ್ತು ಹೆಜ್ಜಿ," ಮಾಮಾ ತಡಮಾಡದೆ ಹೇಳಿದ.

"ಹೆಜ್ಜಿ ಅಂದ್ರ ಹೆಂಗ ಬರಕೊಳ್ಳಲಿ ಮಾಮಾ? ಒಬ್ಬೊಬ್ಬರದು ಒಂದೊಂದು ನಮೂನಿ."

"ಡ್ರಿಲ್ ಮಾಸ್ತರನ ಹೆಜ್ಜಿ ಒಂದ ನಮೂನಿ. ಮೂವತ್ತು ಇಂಚು. ಎಣಿಸಿ ನೋಡೇನಿ, ನೂರೈವತ್ತು."

ಮುನ್ನೂರ ಎಪ್ಪತ್ತೈದು ಅಡಿ ಆಯಿತು. ಮೀಟರಿನ ಲೆಕ್ಕದಲ್ಲಿ ನೂರ ಹದಿನಾಲ್ಕು. ಕಾಗದದ ಮೂಲೆಯಲ್ಲಿ ನನ್ನ ಅಚ್ಚುಕಟ್ಟಾದ ಅಕ್ಷರದಲ್ಲಿ ಬರೆದೆ. ಎಲ್ಲಿ ಎಣಿಸಿದೆ ಎಂದು ನಾನು ಕೇಳಲಿಲ್ಲ. ಕೇಳಬೇಕು ಅನ್ನಿಸಿತ್ತು. ಆದರೂ ಚಹಾ ಆರುತ್ತದೆ ಎಂದು ಚಹಾ ಕುಡಿದೆ.

ನಕ್ಷೆ ಒಂದು ಹದಕ್ಕೆ ಬಂದ ಮೇಲೆ ತಿಳಿದವರಿಗೆ ತೋರಿಸಬೇಕು ಎಂದು ಮಾಮಾ ಹಟ ಹಿಡಿದ. ಹುಬ್ಬಳ್ಳಿ ಪೇಟೆಯಲ್ಲಿ ಬಂದೂಕು ರಿಪೇರಿ ಮಾಡುವ ಇಮಾಮಸಾಬ ಎಂಬ ಮುದುಕರಿದ್ದಾರೆ. ಮಾಮಾನ ಹಳೆಯ ಬಂದೂಕು ವರ್ಷಕ್ಕೊಮ್ಮೆ ಅವರ ಕೈಗೆ ಹೋಗಿ ಬರುತ್ತಿತ್ತು. ಆಟೋದಲ್ಲಿ ಕರೆದುಕೊಂಡು ಹೋದೆ. ಎಣ್ಣೆಯ ವಾಸನೆಯ ಸಣ್ಣ ಅಂಗಡಿ, ಒಂದೇ ಒಂದು ಸ್ಟೂಲು. ಅದರ ಮೇಲೆ ಮಾಮಾನನ್ನು ಕೂರಿಸಿ ಇಮಾಮಸಾಬರು ನಿಂತೇ ನಕ್ಷೆ ನೋಡಿದರು. ಬಹಳ ಹೊತ್ತು ನೋಡಿದರು.

"ಇಷ್ಟು ಚಂದ ನಕ್ಷಿ ನಾ ನೋಡಿಲ್ಲರಿ ಅಮ್ಮಾರ," ಅಂದರು ನನಗೆ. ಮೂವತ್ತೆರಡು ವರ್ಷದ ಸಾಹೇಬರ ಹೊಗಳಿಕೆಗಿಂತ ಅದು ಹೆಚ್ಚು ಸಂತೋಷ ಕೊಟ್ಟಿತು ಎಂದು ಹೇಳಲು ನಾಚಿಕೆ ಇಲ್ಲ. ಆಮೇಲೆ ಮಾಮಾನ ಕಡೆ ತಿರುಗಿದರು. "ಆದ್ರ ಮಾಸ್ತರ, ಇದನ್ನ ನಾ ಮಾಡಾಕ ಬರೂದಿಲ್ಲರಿ. ನಂದು ರಿಪೇರಿ ಲೈಸೆನ್ಸ್. ನಿಮಗರ ಈಗ ಲೈಸೆನ್ಸ್ ಎಲ್ಲೈತ್ರಿ?"

"ಗೊತ್ತೈತಿ. ಮಾಡು ಅನ್ನಾಕ ಬಂದಿಲ್ಲ. ನಕ್ಷಿ ಸರಿ ಐತೇನು, ಅಷ್ಟ ಹೇಳು."

"ಸರಿ ಐತ್ರಿ. ಹೆಚ್ಚ ಸರಿ ಐತಿ. ಇದು ಅರ್ಧ ಕಿಲೋಮೀಟರ್ ಮ್ಯಾಲಿಂದ ಹೊಡಿಯೂ ಸಾಮಾನು. ನೀವು ಬರೆದದ್ದು ನೂರ ಹದಿನಾಲ್ಕು ಮೀಟರ್. ಅಷ್ಟಕ್ಕ ಇಷ್ಟು ಯಾಕ ಬೇಕ್ರಿ?"

"ತಪ್ಪಬಾರದು."

"ಏನೈತ್ರಿ ಅಲ್ಲಿ?" ಇಮಾಮಸಾಬರು ನಗುತ್ತಲೇ ಕೇಳಿದರು.

"ಒಂದು ಚಿಗರಿ," ಮಾಮಾ ಅಂದ. "ಹೆಬ್ಬಳ್ಳಿ ಹೊಲದಾಗ, ಕಡ್ಲಿ ಮುಗಿದು ಒಡ್ಡು ಚಾಲೂ ಆಗೂ ಕಡೆ ನಿಂತೈತಿ."

ಇಮಾಮಸಾಬರು ನನ್ನ ಮುಖ ನೋಡಿದರು. ಮಾಮಾನಿಗೆ ಅರಳುಮರಳು ಎಂದುಕೊಂಡರೇನೋ. ನಾನು ನೆಲ ನೋಡುತ್ತಿದ್ದೆ. ಅವರು ಗೋಡೆಯ ಮೊಳೆಗೆ ತೂಗುಹಾಕಿದ್ದ ಟೇಪು ತೆಗೆದು, "ಕೈ ಕೊಡ್ರಿ ಮಾಸ್ತರ. ಮಂದಿಗೆ ಅಂಗಿ ಹೊಲಿಯೂ ಮುಂದ ಅಳತಿ ತಗೋತಾರ, ಬಂದೂಕಿಗೆ ಬ್ಯಾಡೇನ್ರಿ?" ಎಂದು ಮೊಣಕೈ ಮಡಚುವಲ್ಲಿಂದ ತೋರುಬೆರಳಿನ ಮೊದಲ ಗಂಟಿನ ತನಕ ಅಳತೆ ಹಿಡಿದರು. ಹದಿಮೂರು ಕಾಲು ಇಂಚು. "ಬರಕೊಳ್ರಿ ಅಮ್ಮಾರ," ಅಂದರು. ಬರೆದುಕೊಂಡೆ. ನನ್ನ ಅಕ್ಷರ ಅವತ್ತು ಅಚ್ಚಿನ ಹಾಗೆ ಬರಲಿಲ್ಲ.

ಆ ಚಿಗರಿಯನ್ನು ನಾನು ಬಲ್ಲೆ. ಐವತ್ತೈದು ವರ್ಷದಿಂದ ಬಲ್ಲೆ.

ನನಗಾಗ ಎಂಟು. ರಜೆಗೆ ಹೆಬ್ಬಳ್ಳಿಯ ಅಜ್ಜಿಯ ಮನೆಗೆ ಹೋಗಿದ್ದೆ. ಬೇಟೆಗೆ ಇನ್ನೂ ಕಾಯ್ದೆಯ ಬಿಗಿ ಬಂದಿರದ ಕಾಲ. ಹೊಲದಲ್ಲಿ ಕಡಲೆ ಕಾಯಿ ಹಿಡಿದಿತ್ತು. ಬೆಳಿಗ್ಗೆ ಎದ್ದರೆ ಹಸಿ ಕಡಲೆಯ ಸುಲಗಾಯಿ ಕಿತ್ತು ತಿನ್ನುವುದೇ ಕೆಲಸ, ಆ ಎಲೆಯ ಹುಳಿಗೆ ತುಟಿ ಎಲ್ಲ ಒಡೆದಿರುತ್ತಿತ್ತು. ನಮ್ಮ ಹಾಗೆಯೇ ಚಿಗರಿಗಳಿಗೂ ಆ ಹುಳಿ ಸೇರುತ್ತಿತ್ತು. ಹತ್ತು ಹನ್ನೆರಡರ ಹಿಂಡು ಬಂದು ಹೊಲ ಮೇಯ್ದು ಹೋಗುತ್ತಿತ್ತು. ಮಾಮಾನಿಗೆ ಮೂವತ್ತು ವರ್ಷ, ಹೊಸ ಮೀಸೆ, ಅವನ ಗುರಿಗೆ ಸುತ್ತ ನಾಲ್ಕು ಹಳ್ಳಿಯಲ್ಲಿ ಹೆಸರಿತ್ತು. ಅವತ್ತು ಬಂದೂಕು ತೆಗೆದುಕೊಂಡು ಹೊರಟಾಗ ನಾನೂ ಬರುತ್ತೇನೆಂದು ಕಾಲಿಗೆ ತೆಕ್ಕೆ ಬಿದ್ದೆ. ಅಜ್ಜಿ ಬೇಡ ಅಂದಳು. ಮಾಮಾ, "ಬರಲಿ ಬಿಡವ್ವ, ಸುಮ್ಮನ ನಿಲ್ಲತಾಳ" ಎಂದು ಕರೆದೊಯ್ದ.

ಎರೆ ಹೊಲದಲ್ಲಿ ಮರೆ ಇರುವುದಿಲ್ಲ. ಒಂದೇ ಒಂದು ಜಾಲಿ ಗಿಡ, ಅದರ ಬುಡಕ್ಕೆ ನಾವು. ಹಿಂಡಿನಿಂದ ಬೇರೆಯಾಗಿ ಒಂದು ದೊಡ್ಡ ಕರಿ ಚಿಗರಿ ಒಡ್ಡಿನ ಹತ್ತಿರ ನಿಂತಿತ್ತು. ದೂರ ಬಹಳ ಇತ್ತು. ಅಷ್ಟು ದೂರಕ್ಕೆ ನಳಿಗೆ ಆನಿಸಲು ಏನಾದರೂ ಬೇಕು. ಜೊತೆಗೆ ದೊಡ್ಡವರು ಬಂದಿದ್ದರೆ ಅವರ ಹೆಗಲ ಮೇಲಿಡುವುದು ಆಗಿನ ರೂಢಿ. ಮಾಮಾ ಮೊಣಕಾಲೂರಿ ಕುಳಿತ. ನಾನು ಅವನ ಮುಂದೆ ನಿಂತರೆ ನನ್ನ ಹೆಗಲು ಸರಿಯಾದ ಎತ್ತರಕ್ಕಿತ್ತು. ನಳಿಗೆಯನ್ನು ನನ್ನ ಬಲ ಹೆಗಲ ಮೇಲಿಟ್ಟ. "ಸುಮಿ, ಉಸರ ಬಿಡಬ್ಯಾಡ," ಅಂದ.

ನಾನು ಉಸಿರು ಬಿಡಲಿಲ್ಲ. ಕಬ್ಬಿಣ ತಣ್ಣಗಿತ್ತು. ಆಗ ಆ ಚಿಗರಿ ತಲೆ ಎತ್ತಿ ನಮ್ಮ ಕಡೆ ನೋಡಿತು. ನನ್ನ ಹೆಗಲು ಕೆಳಗೆ ಜಗ್ಗಿತು. ಹೆದರಿ ಜಗ್ಗಿತೋ, ಅದು ಸಾಯಬಾರದು ಎಂದು ನಾನೇ ಜಗ್ಗಿದೆನೋ, ಇವತ್ತಿಗೂ ನನಗೆ ಗೊತ್ತಿಲ್ಲ. ಅದೇ ಕ್ಷಣಕ್ಕೆ ಬಂದೂಕು ಹಾರಿತು.

ಗುಂಡು ಎದೆಗೆ ಬೀಳಲಿಲ್ಲ, ಹಿಂಗಾಲಿನ ಮೇಲೆ ಬಿತ್ತು. ಚಿಗರಿ ಕುಸಿಯಿತು, ಎದ್ದಿತು, ಮೂರು ಕಾಲಿನ ಮೇಲೆ ಓಡಿತು. ಮಾಮಾ ರಕ್ತದ ಹನಿ ನೋಡುತ್ತ ಹಿಂದೆ ಹೋದ, ಅವನ ಹಿಂದೆ ನಾನು. ಒಡ್ಡು ದಾಟಿ, ಇನ್ನೊಬ್ಬರ ಜೋಳದ ಹೊಲ ದಾಟಿ, ಹಳ್ಳದ ತನಕ ಹೋದೆವು. ಹಳ್ಳದ ಮರಳಿನಲ್ಲಿ ಹನಿ ನಿಂತುಹೋಗಿತ್ತು. ಹೊತ್ತು ಮುಳುಗುವ ತನಕ ಹುಡುಕಿದೆವು. ಸಿಗಲಿಲ್ಲ. ನಾನು ಅಲುಗಾಡದಿದ್ದರೆ ಅದು ನಿಂತಲ್ಲೇ ಸಾಯುತ್ತಿತ್ತು. ಅಲುಗಾಡಿದ್ದಕ್ಕೆ ಎಲ್ಲೋ ಮುಳ್ಳುಕಂಟಿಯಲ್ಲಿ ಎಷ್ಟು ದಿನ ನರಳಿತೋ ದೇವರಿಗೇ ಗೊತ್ತು. ಉಳಿಸಲು ಹೋಗಿದ್ದರೂ ನಾನು ಉಳಿಸಲಿಲ್ಲ.

ನಳಿಗೆಯ ಬಾಯಿ ನನ್ನ ಕಿವಿಯ ಪಕ್ಕದಲ್ಲೇ ಇತ್ತು. ವಾರಗಟ್ಟಲೆ ಗುಂಯ್ ಎನ್ನುತ್ತಿತ್ತು. ಅಂದಿನಿಂದ ನನ್ನ ಬಲಗಿವಿ ಮಂದ. ಹಳ್ಳದ ನೀರು ಹೋಗಿ ಹೀಗಾಯಿತು ಎಂದು ಅಜ್ಜಿಗೆ ಹೇಳಿದೆ, ಮುಂದೆ ಗಂಡನಿಗೂ ಅದನ್ನೇ ಹೇಳಿದೆ.

ಊರಿಗೆ ಬಂದಾಗ ಕಟ್ಟೆಯ ಮೇಲಿನವರು ಕೇಳಿದರು, ಏನಾತ್ರಿ ಮಾಸ್ತರ ಅಂತ. "ಬಂದೂಕು ಸರಿ ಇಲ್ಲ. ಕೆಳಗ ಒಗಿತೈತಿ," ಅಂದ ಮಾಮಾ. ಮಂದಿ ನಕ್ಕರು. ಬಂದೂಕಿಂದಲ್ಲ, ಮಾಸ್ತರ ಕೈಯಿಂದು ಅಂದರು. ಸುತ್ತ ನಾಲ್ಕು ಹಳ್ಳಿಯ ಹೆಸರು ಒಂದು ಸಂಜೆಗೆ ಹೋಯಿತು. ಆ ಮೇಲೆ ಮಾಮಾ ಒಂದೇ ಒಂದು ಗುಂಡು ಹಾರಿಸಲಿಲ್ಲ. ನವಮಿಯ ದಿನ ಆಯುಧಗಳಿಗೆ ಮಾಡುವ ಖಂಡೆ ಪೂಜೆಗೆ ಬಂದೂಕನ್ನು ಒರೆಸಿ, ಅರಿಶಿನ ಕುಂಕುಮ ಹಚ್ಚಿ, ಚೆಂಡುಹೂವು ಏರಿಸುತ್ತಿದ್ದ. ನಾನು ಅಲ್ಲಿದ್ದರೆ ಏನಾದರೂ ನೆವ ಮಾಡಿ ಒಳಗೆ ಹೋಗುತ್ತಿದ್ದೆ. ಹೇಳಲು ಹೊತ್ತು ಸಿಗಲಿಲ್ಲ ಎಂದರೆ ಸುಳ್ಳಾಗುತ್ತದೆ. ಮದುವೆ, ಮುಂಜಿವೆ, ಬಾಣಂತನ, ಸಾವು, ಎಲ್ಲದರಲ್ಲೂ ಮಾಮಾ ನನ್ನ ಪಕ್ಕದಲ್ಲೇ ಇದ್ದ. ಹೇಳಲಿಲ್ಲ. ಹೇಡಿತನ, ಬೇರೇನೂ ಅಲ್ಲ.

ಈಗ ಇಮಾಮಸಾಬರ ಅಂಗಡಿಯಲ್ಲಿ ನನಗೆ ತಿಳಿಯಿತು. ಈ ಮನುಷ್ಯ ಎರಡು ವರ್ಷದಿಂದ ಕಟ್ಟುತ್ತಿರುವುದು ಇನ್ನು ಮುಂದಿನ ಬೇಟೆಗೆ ಅಲ್ಲ. ಆ ಒಂದು ಗುಂಡಿಗೆ. ಯಾವ ಬಂದೂಕು ಇದ್ದಿದ್ದರೆ ಅದು ತಪ್ಪುತ್ತಿರಲಿಲ್ಲ ಎಂದು, ಸಾಯುವ ಮೊದಲು ಒಮ್ಮೆ ಖಾತ್ರಿ ಮಾಡಿಕೊಳ್ಳಲು. ತಪ್ಪಿದ್ದು ಬಂದೂಕೋ ತನ್ನ ಕೈಯೋ ಎಂದು ಅವನು ಐವತ್ತೈದು ವರ್ಷ ತೂಗಿ ನೋಡುತ್ತಿದ್ದಾನೆ ಎಂದುಕೊಂಡೆ. ಎರಡೂ ಅಲ್ಲ ಎಂದು ಗೊತ್ತಿದ್ದವಳು ನಾನೊಬ್ಬಳು, ಅವನ ಬೆರಳು ಹಿಡಿದು ಗೆರೆ ತೋರಿಸುತ್ತ ಕುಳಿತಿದ್ದೆ.

ಎರಡು ಭಾನುವಾರ ಮೊಣಕಾಲಿನ ನೆವ ಹೇಳಿ ಹೋಗಲಿಲ್ಲ. ಮೂರನೆಯ ವಾರ ಮಾಮಾನೇ ಫೋನು ಮಾಡಿದ. "ಒಂದ ಕೆಲಸ ಉಳದೈತಿ. ಬಾ, ಮುಗಿಸೋಣು," ಅಂದ.

ಹೋದೆ. ಸರೋಜಾ ಬಾಟಲಿಗಳನ್ನಿಟ್ಟು ಕಾಗದ ಹಾಸಿ ಅಡುಗೆಮನೆಗೆ ಹೋದಳು. ಮಾಮಾ ಮೇಜಿನ ಎದುರು ನೆಟ್ಟಗೆ ಕುಳಿತಿದ್ದ.

"ನಳಿಗಿ ಮುಂದ ಎರಡು ಕಾಲು ಹಾಕು," ಅಂದ.

"ಎಂಥಾ ಕಾಲು?"

"ಕಬ್ಬಿಣದ್ದು. ನೆಲಕ್ಕ ಊರೂವಂಥಾವು. ನಳಿಗಿ ಅದರ ಮ್ಯಾಲ ಕೂಡಬೇಕು, ಬ್ಯಾರೆ ಎಲ್ಲೂ ಅಲ್ಲ."

ಪೆನ್ಸಿಲ್ಲು ಹಿಡಿದೆ. ಮೊದಲ ಕಾಲಿನ ಅರ್ಧ ಗೆರೆ ಎಳೆದೆ. ಮುಂದೆ ಕೈ ಹೋಗಲಿಲ್ಲ. ಮಾಮಾ ಬೆರಳು ಮುಂದೆ ಮಾಡಿದ, ಗೆರೆ ತೋರಿಸು ಅನ್ನುವ ಹಾಗೆ. ನಾನು ಹಿಡಿಯಲಿಲ್ಲ.

"ಮಾಮಾ," ಅಂದೆ. "ಅವತ್ತು ಬಂದೂಕು ತಪ್ಪಿದ್ದಲ್ಲ. ನಿನ್ನ ಕೈನೂ ತಪ್ಪಿದ್ದಲ್ಲ. ನಾ ಹೆಗಲು ಜಗ್ಗಿದೆ."

ಒಳಗೆ ಕುಕ್ಕರು ಒಂದು ಸೀಟಿ ಹೊಡೆಯಿತು. ಮಾಮಾ ಬೆರಳನ್ನು ಹಿಂದಕ್ಕೆ ತೆಗೆದುಕೊಳ್ಳಲಿಲ್ಲ.

"ಗೊತ್ತೈತಿ," ಅಂದ.

"ಯಾವಾಗಿಂದ?"

"ಅವತ್ತಿಂದ. ಬಂದೂಕಿನ ಒಂದು ತುದಿ ನಿನ್ನ ಹೆಗಲ ಮ್ಯಾಲ, ಒಂದು ತುದಿ ನನ್ನ ಹೆಗಲಿಗೆ. ನೀ ಜಗ್ಗಿದ್ದು ನನಗ ತಿಳಿಯೂದಿಲ್ಲೇನು?"

"ಮತ್ತ ಊರ ಮುಂದ ಬಂದೂಕಿಂದು ತಪ್ಪು ಅಂದಿ."

"ಎಂಟು ವರ್ಷದ ಕೂಸಿನ ಹೆಸರು ಹೇಳಲೇನು?"

ನನಗೆ ಅಳು ಬಂತು, ಸಿಟ್ಟೂ ಬಂತು. ಯಾರ ಮೇಲೆ ಎಂದು ಕೇಳಬೇಡಿ. "ನನಗರ ಒಂದ ಮಾತು ಹೇಳಬಾರದೇನು? ಐವತ್ತೈದು ವರ್ಷ ನಾ ಇದನ್ನ ಹೊತಗೊಂಡು ತಿರಗೇನಿ," ಅಂದೆ.

"ನಿನಗ ಗೊತ್ತಿಲ್ಲ ಅನಕೊಂಡಿದ್ದೆ ಯವ್ವಾ. ಅಂಜಿ ಕಣ್ಣ ಮುಚ್ಚಿರತಾಳ, ಏನೂ ತಿಳಿದಿಲ್ಲ ಅನಕೊಂಡೆ. ತಿಳಿಯದ ಕೂಸಿಗೆ ಹೇಳಿ ಅಳಸೂದು ಯಾಕ ಅಂತ ಸುಮ್ಮನಿದ್ದೆ. ತಪ್ಪು ನಿಂದಲ್ಲ. ಅಷ್ಟು ದೂರದ ಗುಂಡಿಗೆ ಆಸೆ ಮಾಡಿದಾಂವ ನಾ. ಕೂಸಿನ ಹೆಗಲ ಮ್ಯಾಲ ನಳಿಗಿ ಇಟ್ಟಾಂವ ನಾ. ಚಿಗರಿ ಹೋತು, ಅದರ ಲೆಕ್ಕ ಬ್ಯಾರೆ. ನಿನ್ನ ಹೆಗಲ ಮ್ಯಾಲ ಇಡಲಾರದ ಆ ಗುಂಡು ಹಾರಸಾಕ ಬರತಿತ್ತೇನು ಅಂತ ನೋಡಾಕತ್ತೇನಿ. ಎಷ್ಟು ವರ್ಷ ಆತು, ಬರೇ ಅದನ್ನ ನೋಡಾಕತ್ತೇನಿ."

ಅವನ ಕೈ ಮೇಜಿನ ಮೇಲಿನಿಂದ ಎದ್ದು ಗಾಳಿಯಲ್ಲಿ ತಡಕಾಡಿತು. ಮೊದಲು ನನ್ನ ಹೆಗಲು ಸಿಕ್ಕಿತು, ಆಮೇಲೆ ಕೆನ್ನೆ, ಆಮೇಲೆ ಬಲಗಿವಿ. ಅಲ್ಲಿ ನಿಂತಿತು. ಸಣ್ಣ ಮಕ್ಕಳ ಕಿವಿ ಮುಚ್ಚುವ ಹಾಗೆ ಪೂರ್ತಿ ಅಂಗೈಯಿಂದ ಅದನ್ನು ಮುಚ್ಚಿ ಹಿಡಿದ.

"ಹಳ್ಳದ ನೀರು ಹೋಗಿ ಕೆಟ್ಟಿದ್ದಲ್ಲ ಇದು," ಅಂದ. "ಹೌದಿಲ್ಲೊ?"

ನಾನು ಹೌದೆಂದು ತಲೆ ಆಡಿಸಿದೆ. ಕಾಣದಿದ್ದರೂ ಅಂಗೈಗೆ ತಿಳಿದಿರಬೇಕು.

"ಅವತ್ತು ಭಾಳ ನೋಯ್ತೇನು ಸುಮಿ?"

ಐವತ್ತೈದು ವರ್ಷದಲ್ಲಿ ಅದನ್ನು ನನಗೆ ಯಾರೂ ಕೇಳಿರಲಿಲ್ಲ. ಕೇಳುವ ಹಾಗೆ ನಾನೂ ಬಿಟ್ಟಿರಲಿಲ್ಲ.

"ನೋಯ್ತು ಮಾಮಾ," ಅಂದೆ. "ಭಾಳ ನೋಯ್ತು."